ಗುಡ್ಡದ ಮೇಲಿನ ಜನರೇಟರ್ ತಾನಾಗಿ ಶುರುವಾಗಬೇಕಾದರೆ

ಪ್ರಶ್ನೆ: ನಾನು ಧಾರವಾಡದವನು, 12 ವರ್ಷದಿಂದ ಗೋವಾದ ಪೋಂಡಾದಲ್ಲಿದ್ದೇನೆ. ನಮ್ಮ ಸಂಸ್ಥೆಯ ವೈರ್‌ಲೆಸ್ ರಿಪೀಟರ್ (ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಯಂತ್ರ) ಇರುವ ಕೋಣೆಯೊಂದು ಸತ್ತರಿ ತಾಲ್ಲೂಕಿನಲ್ಲಿ, ಚೋರ್ಲಾ ಘಾಟ್ ಕಡೆ ಗುಡ್ಡದ ಮೇಲಿದೆ. 48 ವೋಲ್ಟಿನ, 200 ಆಂಪಿಯರ್-ಅವರ್‌ನ ಸೀಲ್ಡ್ ಲೆಡ್ ಬ್ಯಾಟರಿ ಬ್ಯಾಂಕ್ ಇದೆ. ಲೋಡ್ ಸುಮಾರು 20 ಆಂಪಿಯರ್. ಜೊತೆಗೆ ಕೋಣೆಗೊಂದು ಎಸಿ. ಜನರೇಟರ್ ಹಳೆಯದು, 10 ಕೆವಿಎ ಡೀಸೆಲ್. ಕೀ ತಿರುಗಿಸಿ ಶುರು ಮಾಡಬೇಕು, ನಿಲ್ಲಿಸಲು ಕೇಬಲ್ ಎಳೆಯಬೇಕು. ಕರೆಂಟ್ ಹೋದಾಗಲೆಲ್ಲ ನಮ್ಮ ಹುಡುಗನೊಬ್ಬ ವಾಳಪೈಯಿಂದ ಬೈಕಿನಲ್ಲಿ 40 ನಿಮಿಷ ಹೋಗಿ ಶುರು ಮಾಡುತ್ತಾನೆ. ಮಳೆಗಾಲದಲ್ಲಿ ಮರ ಬಿದ್ದರೆ ಎರಡು ಗಂಟೆಯೂ ಹಿಡಿಯುತ್ತದೆ. ಒಂದು ರಿಲೇ, ಒಂದು ಟೈಮರ್ ಹಾಕಿ ಜನರೇಟರ್ ತಾನಾಗಿ ಶುರುವಾಗುವ ಹಾಗೆ ಮಾಡಬಹುದಾ?

ಉತ್ತರ:

ತಾನಾಗಿ ಶುರುವಾಗುವ ಹಾಗೆ ಮಾಡಬಹುದು. ಆದರೆ ಒಂದು ರಿಲೇ, ಒಂದು ಟೈಮರ್‌ನಲ್ಲಿ ಮುಗಿಯುವ ಕೆಲಸ ಅಲ್ಲ. ಯಾಕೆ ಅಂತ ತಿಳಿಯಬೇಕಾದರೆ ಒಂದು ದಿನ ಆ ಹುಡುಗನ ಜೊತೆ ನೀವೇ ಮೇಲೆ ಹೋಗಿ, ಅವನು ಏನೇನು ಮಾಡುತ್ತಾನೆ ಅಂತ ಸುಮ್ನೆ ನಿಂತು ನೋಡಿ.

ಅವನು ಹೋದ ಕೂಡಲೇ ಕೀ ತಿರುಗಿಸುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ಎಷ್ಟಿದೆ ನೋಡುತ್ತಾನೆ. ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡುತ್ತಾನೆ. ನೆಲದ ಮೇಲೆ ಏನಾದರೂ ಸೋರಿದೆಯಾ ಅಂತ ಕಣ್ಣು ಹಾಯಿಸುತ್ತಾನೆ. ಆಮೇಲೆ ಸೆಲ್ಫ್ ಹೊಡೆಯುತ್ತಾನೆ. ಎಂಜಿನ್ ಹಿಡಿದ ಸದ್ದು ಕೇಳಿದ ಕ್ಷಣ ಕೀ ಬಿಡುತ್ತಾನೆ. ಹಿಡಿಯದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾನೆ. ಮೂರನೇ ಸಲಕ್ಕೂ ಆಗದಿದ್ದರೆ ನಿಲ್ಲಿಸಿ ಬ್ಯಾಟರಿ ಟರ್ಮಿನಲ್ ಅಲ್ಲಾಡಿಸುತ್ತಾನೆ, ಡೀಸೆಲ್ ಲೈನಲ್ಲಿ ಗಾಳಿ ಹಿಡಿದಿದೆಯಾ ನೋಡುತ್ತಾನೆ. ಶುರುವಾದ ಮೇಲೂ ಅರ್ಧ ನಿಮಿಷ ಸದ್ದು ಕೇಳಿ, ಸರಿ ಅನ್ನಿಸಿದ ಮೇಲೆ ಚೇಂಜ್‌ಓವರ್ (ಲೋಡನ್ನು ಲೈನಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್) ಎಳೆಯುತ್ತಾನೆ. ಇಷ್ಟರಲ್ಲಿ ಕೀ ತಿರುಗಿಸುವುದೇ ಎಲ್ಲಕ್ಕಿಂತ ಸಣ್ಣ ಕೆಲಸ. ನಿಮ್ಮ ರಿಲೇ, ಟೈಮರ್ ಮಾಡುವುದು ಆ ಸಣ್ಣ ಕೆಲಸವನ್ನು ಮಾತ್ರ. ಉಳಿದದ್ದನ್ನೆಲ್ಲ ಯಾರು ಮಾಡಬೇಕು?

ಯಾವಾಗ ಶುರು ಮಾಡಬೇಕು ಅನ್ನುವುದನ್ನು ಮೊದಲು ನೋಡೋಣ. ಕರೆಂಟ್ ಹೋದ ಕೂಡಲೇ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಆಸ್ಪತ್ರೆಗೆ, ಅಪಾರ್ಟ್‌ಮೆಂಟಿನ ಲಿಫ್ಟಿಗೆ ಅದು ಸರಿ. ನಿಮ್ಮಲ್ಲಿ ಬ್ಯಾಟರಿ ಬ್ಯಾಂಕ್ ಇದೆ. 200 ಆಂಪಿಯರ್-ಅವರ್ ಬ್ಯಾಟರಿ ಹೊಸದಿದ್ದರೆ 20 ಆಂಪಿಯರ್ ಲೋಡನ್ನು ಸುಮಾರು 10 ಗಂಟೆ ಎಳೆಯುತ್ತದೆ. ಕರೆಂಟ್ ಹತ್ತು ನಿಮಿಷ ಹೋಗಿ ಬಂದದ್ದಕ್ಕೆಲ್ಲ ಎಂಜಿನ್ ಎಬ್ಬಿಸಿದರೆ ಡೀಸೆಲ್ ದಂಡ, ಸ್ಟಾರ್ಟರ್ ಸವೆತ ಜಾಸ್ತಿ. ಆದ್ದರಿಂದ ನಿಮ್ಮ ಜಾಗದಲ್ಲಿ ಶುರು ಮಾಡು ಅಂತ ಹೇಳಬೇಕಾದದ್ದು ಕರೆಂಟ್ ಅಲ್ಲ, ಬ್ಯಾಟರಿಯ ವೋಲ್ಟೇಜ್.

ಎಷ್ಟು ವೋಲ್ಟಿಗೆ? ಬ್ಯಾಂಕಿನಲ್ಲಿ 2 ವೋಲ್ಟಿನ 24 ಸೆಲ್ ಇರುತ್ತವೆ. ಫ್ಲೋಟ್‌ನಲ್ಲಿ, ಅಂದರೆ ತುಂಬಿದ ಬ್ಯಾಟರಿಯನ್ನು ಚಾರ್ಜರ್ ಹಾಗೇ ಹಿಡಿದಿಟ್ಟಾಗ, ಸುಮಾರು 54 ವೋಲ್ಟ್. ಸೆಲ್ಲಿಗೆ 1.8 ವೋಲ್ಟ್, ಅಂದರೆ 43.2 ಬಂದರೆ ಬ್ಯಾಟರಿ ಮುಗಿಯಿತು ಅಂತಲೇ ಲೆಕ್ಕ. ಹಾಗಾದರೆ 44ಕ್ಕೆ ಎಂಜಿನ್ ಶುರು ಮಾಡಿದರೆ ಸಾಕಲ್ಲ ಅಂತ ಅನ್ನಿಸಬಹುದು. ಇಲ್ಲೇ ಜನ ತಪ್ಪುವುದು. ಎಂಜಿನ್ ಶುರುವಾಗುತ್ತದೆ ಅಂತ ನಂಬಿ ಆ ಅಂಕಿ ಇಡುತ್ತಾರೆ. ಶುರುವಾಗದೇ ಹೋಗಬಹುದು ಅಂತ ಅಂದುಕೊಂಡು ಇಡಬೇಕು. ಎಂಜಿನ್ ಕೈಕೊಟ್ಟ ಹೊತ್ತಿನಿಂದ ಬ್ಯಾಟರಿ ಮುಗಿಯುವ ಹೊತ್ತಿನ ನಡುವೆ ನಿಮ್ಮ ಹುಡುಗ ಮೇಲೆ ಮುಟ್ಟಬೇಕು, ದುರಸ್ತಿಗೂ ಒಂದು ಗಂಟೆ ಸಿಗಬೇಕು. ನಿಮ್ಮ ದಾರಿ 40 ನಿಮಿಷದ್ದು, ಮರ ಬಿದ್ದರೆ 2 ಗಂಟೆಯದ್ದು. ಅದಕ್ಕೇ ನಾನು ಅರ್ಧ ಬ್ಯಾಟರಿ ಉಳಿದಿರುವಾಗಲೇ ಶುರು ಮಾಡಿ ಅನ್ನುತ್ತೇನೆ. ನಿಮ್ಮ ಲೋಡಿಗೆ ಅದು ಹೆಚ್ಚುಕಡಿಮೆ 47.5 ವೋಲ್ಟ್. ಈ ಅಂಕಿಯನ್ನು ದಾರಿ ನೋಡಿ ಇಡಬೇಕು. ಪುಣೆಯ ಊರೊಳಗಿನ ಕೋಣೆಗೆ ನಾನು ಇದಕ್ಕಿಂತ ಕಡಿಮೆಯೇ ಇಡುತ್ತೇನೆ.

ಆ ಅಂಕಿಯನ್ನೂ ಪುಸ್ತಕ ನೋಡಿ ಇಡಬೇಡಿ. ಮಳೆ ಬರುವ ಮೊದಲು ಒಂದು ದಿನ ಮೇಲೆ ಹೋಗಿ, ಚಾರ್ಜರ್ ಆರಿಸಿ, ಗಡಿಯಾರ ನೋಡಿಕೊಂಡು ಕುಳಿತುಕೊಳ್ಳಿ. ಪ್ರತಿ ಅರ್ಧ ಗಂಟೆಗೆ ವೋಲ್ಟೇಜ್ ಬರೆದುಕೊಳ್ಳಿ. 47.5 ಬರಲು 5 ಗಂಟೆ ಹಿಡಿದರೆ ಬ್ಯಾಟರಿ ಚೆನ್ನಾಗಿದೆ. 2 ಗಂಟೆಯಲ್ಲೇ ಬಂದರೆ ಆಟೊಸ್ಟಾರ್ಟಿಗಿಂತ ಮೊದಲು ಬ್ಯಾಟರಿ ಬದಲಾಯಿಸಬೇಕು. ಈ ಮಾಪನ ಆಗದೆ ಮುಂದಿನ ಯಾವ ಸೆಟ್ಟಿಂಗಿಗೂ ಅರ್ಥವಿಲ್ಲ.

ವೋಲ್ಟೇಜ್ ಇಳಿದ ಕ್ಷಣವೇ ಶುರು ಮಾಡಬೇಡಿ. 47.5ಕ್ಕಿಂತ ಕೆಳಗೆ 5 ನಿಮಿಷ ಬಿಡದೆ ಇದ್ದರೆ ಮಾತ್ರ ಶುರು ಅಂತ ಇಡಿ. ಇದರ ಜೊತೆ ಇನ್ನೆರಡು ಕಾರಣ ಸೇರಿಸಿ. ಕರೆಂಟ್ ಹೋಗಿ 4 ಗಂಟೆ ಆಗಿದ್ದರೆ ವೋಲ್ಟೇಜ್ ಎಷ್ಟೇ ಇರಲಿ, ಶುರುವಾಗಲಿ. ಕೋಣೆಯ ಬಿಸಿ 38 ಡಿಗ್ರಿ ದಾಟಿದರೂ ಶುರುವಾಗಲಿ. ಎಸಿ ಬ್ಯಾಟರಿಯ ಮೇಲೆ ಓಡುವುದಿಲ್ಲ, ಅಲ್ವಾ? ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದರೆ ಆ ಮುಚ್ಚಿದ ಕೋಣೆ ಬೇಗ ಕಾಯುತ್ತದೆ. ಲೆಡ್ ಬ್ಯಾಟರಿಯನ್ನು 25 ಡಿಗ್ರಿಯ ಬದಲು 35 ಡಿಗ್ರಿಯಲ್ಲಿಟ್ಟರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಮುಂದೆ ಲಿಥಿಯಂ ಹಾಕಿಸಿದರೆ ಈ ವೋಲ್ಟೇಜಿನ ಲೆಕ್ಕ ಬಿಡಬೇಕು. ಅದರ ವೋಲ್ಟೇಜ್ ಕೊನೆಯವರೆಗೂ ಸಪಾಟಾಗಿದ್ದು ಒಮ್ಮೆಲೇ ಬೀಳುತ್ತದೆ. ಆಗ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಅದರದೇ ಬೋರ್ಡ್) ಹೇಳುವ ಶೇಕಡಾ ಲೆಕ್ಕವನ್ನೇ ನೋಡಬೇಕು.

ಈಗ ಶುರು ಮಾಡುವ ಕೆಲಸ. ಇಲ್ಲಿ ನನ್ನ ಸಲಹೆ ಒಂದೇ: ಸೆಲ್ಫ್ ಹೊಡೆಯುವ ಕೆಲಸಕ್ಕೆ ರೆಡಿ ಸಿಗುವ ಜನರೇಟರ್ ಕಂಟ್ರೋಲರ್ ತನ್ನಿ. ಡೀಪ್ ಸೀ, ಕಾಮ್‌ಆ್ಯಪ್ ತರಹದ ಕಂಪನಿಗಳು ಇದನ್ನೇ ಮಾಡುತ್ತವೆ. ನಮ್ಮಲ್ಲಿ ಎಎಂಎಫ್ ಪ್ಯಾನೆಲ್ (ಕರೆಂಟ್ ಹೋದರೆ ಜನರೇಟರನ್ನು ತಾನಾಗಿ ಎಬ್ಬಿಸುವ ಪೆಟ್ಟಿಗೆ) ಅಂತ ಮಾರುವುದರ ಒಳಗೂ ಇಂಥದ್ದೇ ಒಂದು ಇರುತ್ತದೆ. ಯಾವಾಗ ಶುರು ಮಾಡಬೇಕು ಅನ್ನುವ ತೀರ್ಮಾನಕ್ಕೆ ನಿಮ್ಮದೇ ಸಣ್ಣ ಪಿಎಲ್‌ಸಿ (ಪ್ರೋಗ್ರಾಂ ಹಾಕಬಹುದಾದ ಕಂಟ್ರೋಲ್ ಪೆಟ್ಟಿಗೆ) ಅಥವಾ ವೋಲ್ಟೇಜ್ ರಿಲೇ ಇಟ್ಟುಕೊಳ್ಳಿ. ಅದು ಕಂಟ್ರೋಲರಿನ ರಿಮೋಟ್ ಸ್ಟಾರ್ಟ್ ತುದಿಗೆ ಒಂದೇ ಒಂದು ಸಂಪರ್ಕ ಕೊಟ್ಟರೆ ಸಾಕು. ಮುಚ್ಚಿದರೆ ಓಡು, ತೆರೆದರೆ ನಿಲ್ಲು. ನಡುವೆ ಇನ್ನೇನೂ ಬೇಡ. ನಿಮ್ಮ ಪೆಟ್ಟಿಗೆ ಕೆಟ್ಟರೂ ಎಂಜಿನ್ ಹಾಳಾಗುವುದಿಲ್ಲ, ಹುಡುಗ ಮೇಲೆ ಹೋಗಿ ಕಂಟ್ರೋಲರಿನ ಬಟನ್ ಒತ್ತಿ ಓಡಿಸಬಹುದು.

ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಹಿಂದೊಮ್ಮೆ ನಾನೇ ಇದನ್ನು ಪೂರ್ತಿ ಕೈಯಲ್ಲಿ ಮಾಡಿದ್ದೆ. ಪುಣೆಯಿಂದ ಪಶ್ಚಿಮಕ್ಕೆ, ಸಹ್ಯಾದ್ರಿಯ ಒಂದು ಗುಡ್ಡದ ಮೇಲಿನ ಕೋಣೆ ಅದು. ಒಂದು ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್, ನಾಲ್ಕು ರಿಲೇ. ಮೂರು ಸಲ ಸೆಲ್ಫ್ ಹೊಡಿ, ಆಗದಿದ್ದರೆ ನಿಲ್ಲಿಸಿ ಮೆಸೇಜ್ ಕಳಿಸು ಅಂತ ಪ್ರೋಗ್ರಾಂ ಬರೆದಿದ್ದೆ. ಪುಣೆ ಹತ್ತಿರದ ಭೋಸರಿಯ ವರ್ಕ್‌ಶಾಪಿನಲ್ಲಿ ನೂರು ಸಲ ಪರೀಕ್ಷೆ ಮಾಡಿದರೂ ಸರಿಯಾಗಿ ನಡೆಯಿತು. ಜುಲೈನಲ್ಲಿ ಒಂದು ರಾತ್ರಿ ಆ ಕೋಣೆ ಸತ್ತುಹೋಯಿತು. ಮೆಸೇಜ್ ಬರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಬ್ಯಾಟರಿ ಪೂರಾ ಖಾಲಿ, ಸ್ಟಾರ್ಟರ್ ಮೋಟರ್‌ನ ವಾರ್ನಿಶ್ ಸುಟ್ಟ ವಾಸನೆ ಕೋಣೆಯ ಹೊರಗೇ ಬರುತ್ತಿತ್ತು. ಆಗಿದ್ದು ಇಷ್ಟು: ಸೆಲ್ಫ್ ಎಳೆದ ಕೂಡಲೇ ಎಂಜಿನ್ನಿನ 12 ವೋಲ್ಟ್ ಬ್ಯಾಟರಿ 8ಕ್ಕೆ ಇಳಿಯುತ್ತಿತ್ತು. ಅದೇ ಬ್ಯಾಟರಿಯಿಂದ ಓಡುತ್ತಿದ್ದ ಬೋರ್ಡ್ ಆ ಹೊತ್ತಿಗೆ ರೀಸೆಟ್ ಆಗುತ್ತಿತ್ತು. ಮತ್ತೆ ಎದ್ದಾಗ ಎಷ್ಟು ಸಲ ಹೊಡೆದೆ ಅನ್ನುವ ಲೆಕ್ಕ ಸೊನ್ನೆ. ಮತ್ತೆ ಮೊದಲನೇ ಸಲ ಅಂತ ಹೊಡೆಯುತ್ತಿತ್ತು. ಮೂರು ಸಲ ಅಂತ ಬರೆದದ್ದು ರಾತ್ರಿಯಿಡೀ ಒಂದೇ ಸಲವಾಗಿ ಉಳಿಯಿತು. ವರ್ಕ್‌ಶಾಪಿನ ಬ್ಯಾಟರಿ ಹೊಸದಿತ್ತು, ಅದು 8ಕ್ಕೆ ಇಳಿಯಲೇ ಇಲ್ಲ. ಹಾಗಾಗಿ ನನ್ನ ನೂರು ಪರೀಕ್ಷೆಯಲ್ಲಿ ಇದು ಸಿಗಲಿಲ್ಲ. ಜನರೇಟರಿಗೆಂದೇ ಮಾಡಿದ ಕಂಟ್ರೋಲರ್‌ಗಳು ಈ ಇಳಿತವನ್ನು ತಡೆದುಕೊಳ್ಳುವ ಹಾಗೆ ಮಾಡಿರುತ್ತಾರೆ. ನೀವು ಕೊಡುವ ದುಡ್ಡು ಇದಕ್ಕೆ.

ಕಂಟ್ರೋಲರಿನ ಸೆಟ್ಟಿಂಗ್ ಹೀಗಿಡಿ. ಸೆಲ್ಫ್ 6ರಿಂದ 8 ಸೆಕೆಂಡ್, ವಿಶ್ರಾಂತಿ 15 ಸೆಕೆಂಡ್, ಮೂರೇ ಪ್ರಯತ್ನ. ಎಂಜಿನ್ ಒಳಗನ್ನು ಮೊದಲೇ ಬಿಸಿ ಮಾಡುವ ಗ್ಲೋ ಪ್ಲಗ್ ಇದ್ದರೆ ಅದಕ್ಕೆ ಮೊದಲು ಕೆಲವು ಸೆಕೆಂಡ್ ಕೊಡಿ. ಹುಡುಗ ಕಿವಿಯಿಂದ ತಿಳಿದು ಕೀ ಬಿಡುವ ಕೆಲಸವನ್ನು ಕಂಟ್ರೋಲರ್ ಎರಡು ಗುರುತಿನಿಂದ ಮಾಡಬೇಕು. ಒಂದು, ಕರೆಂಟ್ ತಯಾರಿಸುವ ಆಲ್ಟರ್ನೇಟರಿನ ಫ್ರೀಕ್ವೆನ್ಸಿ. ನಿಮಿಷಕ್ಕೆ 1500 ಸುತ್ತಿಗೆ 50 ಹರ್ಟ್ಸ್ ಆದರೆ, 20 ಹರ್ಟ್ಸ್ ದಾಟಿತು ಅಂದರೆ ಎಂಜಿನ್ ತಾನೇ ತಿರುಗುತ್ತಿದೆ ಅಂತ. ಇನ್ನೊಂದು, ಬ್ಯಾಟರಿ ಚಾರ್ಜ್ ಮಾಡುವ ಡೈನಮೋದಿಂದ ಬರುವ ವೋಲ್ಟೇಜ್. ಎರಡರಲ್ಲಿ ಯಾವುದು ಮೊದಲು ಬಂದರೂ ಸೆಲ್ಫ್ ಬಿಡಬೇಕು. ಆಯಿಲ್ ಪ್ರೆಶರ್ ಸ್ವಿಚ್ ಒಂದನ್ನೇ ನಂಬಬೇಡಿ, ಅದು ಅಂಟಿಕೊಂಡು ಬಿಡುವುದುಂಟು. ಓಡುತ್ತಿರುವ ಎಂಜಿನ್‌ಗೆ ಸೆಲ್ಫ್ ಸಿಕ್ಕಿಕೊಂಡರೆ ಫ್ಲೈವೀಲಿನ ಹಲ್ಲು ಹೋಗುತ್ತದೆ. ಅದನ್ನು ಬದಲಾಯಿಸಬೇಕಾದರೆ ಎಂಜಿನ್ನು, ಆಲ್ಟರ್ನೇಟರು ಎರಡನ್ನೂ ಬೇರೆ ಮಾಡಬೇಕು. ಗುಡ್ಡದ ಮೇಲೆ ಆ ಕೆಲಸ ಮಾಡಿದವರಿಗೇ ಗೊತ್ತು ಅದರ ಕಷ್ಟ.

ಮೂರು ಪ್ರಯತ್ನ ಆಗಿ ಲಾಕ್ ಆದರೆ ಏನು? ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಮೂರು ಪ್ರಯತ್ನಕ್ಕೆ ಬಿಡಬಹುದು, ಅದೂ ಎಂಜಿನ್ ಹಿಡಿಯಲೇ ಇಲ್ಲ ಅನ್ನುವ ದೋಷಕ್ಕೆ ಮಾತ್ರ. ಆಯಿಲ್ ಪ್ರೆಶರ್ ಕಡಿಮೆಯಾಗಿಯೋ ಎಂಜಿನ್ ಬಿಸಿಯಾಗಿಯೋ ನಿಂತಿದ್ದರೆ ಯಾರಾದರೂ ಮೇಲೆ ಹೋಗಿ ಕಣ್ಣಾರೆ ನೋಡುವವರೆಗೂ ಅದು ಎದ್ದೇಳಬಾರದು. ಫೋನಿನಿಂದ ರೀಸೆಟ್ ಮಾಡುವ ಸೌಲಭ್ಯವನ್ನು ಈ ಎರಡು ದೋಷಕ್ಕೆ ನಾನು ಯಾರಿಗೂ ಕೊಡುವುದಿಲ್ಲ. ಮಧ್ಯರಾತ್ರಿ ಹಾಸಿಗೆಯಲ್ಲಿ ಮಲಗಿದವನಿಗೆ ಇನ್ನೊಮ್ಮೆ ನೋಡೋಣ ಅಂತ ಅನ್ನಿಸುವುದು ಸಹಜ. ಆಯಿಲ್ ಇಲ್ಲದ ಎಂಜಿನ್ ಆ ಇನ್ನೊಮ್ಮೆಯಲ್ಲೇ ಜಾಮ್ ಆಗುತ್ತದೆ.

ನಿಮ್ಮ ಎಂಜಿನ್ ನಿಲ್ಲಿಸಲು ಕೇಬಲ್ ಎಳೆಯಬೇಕು ಅಂದಿರಿ. ಆ ಜಾಗಕ್ಕೆ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಲಿವರ್ ಎಳೆಯುವ ಕಾಯಿಲ್) ಹಾಕಬೇಕು. ಇದರಲ್ಲಿ ಎರಡು ತರಹ: ಕರೆಂಟ್ ಕೊಟ್ಟರೆ ನಿಲ್ಲಿಸುವುದು, ಕರೆಂಟ್ ಇರುವವರೆಗೆ ಓಡಿಸುವುದು. ಜನ ಇಲ್ಲದ ಜಾಗಕ್ಕೆ ಎರಡನೆಯದನ್ನೇ ಹಾಕಿ. ಇಲಿ ವೈರ್ ಕಡಿದರೆ ಎಂಜಿನ್ ನಿಲ್ಲುತ್ತದೆ, ಅಷ್ಟೇ. ಮೊದಲನೆಯದರಲ್ಲಿ ವೈರ್ ಹೋದರೆ ನಿಲ್ಲಿಸಲು ದಾರಿಯೇ ಇರುವುದಿಲ್ಲ. ಓಡಿಸುವ ಸೊಲೆನಾಯ್ಡಿನಲ್ಲಿ ಹೆಚ್ಚಾಗಿ ಎರಡು ಕಾಯಿಲ್ ಇರುತ್ತವೆ. ಎಳೆಯುವ ಕಾಯಿಲ್ ಹತ್ತಾರು ಆಂಪಿಯರ್ ತಿನ್ನುತ್ತದೆ, ಹಿಡಿದಿಡುವುದು ಒಂದು ಆಂಪಿಯರ್ ಆಸುಪಾಸು. ಎಳೆಯುವ ಕಾಯಿಲಿಗೆ ಒಂದು ಸೆಕೆಂಡಿಗಿಂತ ಜಾಸ್ತಿ ಕೊಟ್ಟರೆ ಸುಡುತ್ತದೆ. ಅದನ್ನು ಕಂಟ್ರೋಲರಿನ ಔಟ್‌ಪುಟ್ಟಿಗೆ ನೇರ ಕೊಡದೆ ಬೇರೆ ರಿಲೇ ಹಾಕಿ. ಲಿವರ್ ಪೂರ್ತಿ ಹೋಗಿ ಕೂರುವ ಹಾಗೆ ಕೊಂಡಿ ಹೊಂದಿಸಿ. ಅರ್ಧಕ್ಕೆ ನಿಂತರೆ ಎಂಜಿನ್ ಲೋಡ್ ಎಳೆಯುವುದಿಲ್ಲ, ನೀವು ಬೇರೆ ಎಲ್ಲೋ ದೋಷ ಹುಡುಕುತ್ತೀರಿ.

ಈ ಬಿಡಿಭಾಗಗಳಿಗೆ ಗೋವಾದಲ್ಲಿ ಅಲೆದಾಡಬೇಡಿ, ಪುಣೆಯಿಂದ ತರಿಸಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಟ್ಟಿದ ಮನೆತನದ ಉದ್ಯಮ 1946ರಲ್ಲಿ ಪುಣೆಯ ಖಡ್ಕಿಯಲ್ಲಿ ಆಯಿಲ್ ಎಂಜಿನ್ ಕಂಪನಿ ಶುರು ಮಾಡಿತು. 1962ರಲ್ಲಿ ಅಮೆರಿಕದ ಎಂಜಿನ್ ಕಂಪನಿ ಕಮಿನ್ಸ್ ಜೊತೆ ಸೇರಿ ಪುಣೆಯದೇ ಕೋಥ್ರೂಡ್‌ನಲ್ಲಿ ಇನ್ನೊಂದು. ಹಾಗಾಗಿ ಹಳೆಯ ಎಂಜಿನ್ನಿನ ಭಾಗ ಬಲ್ಲ ಅಂಗಡಿಯವರು, ಮೆಕ್ಯಾನಿಕ್‌ಗಳು ಪುಣೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಳೆಯ ಭಾಗವನ್ನು ಕೈಗೆ ಕೊಟ್ಟರೆ ನಂಬರ್ ನೋಡದೆ ಹೇಳುತ್ತಾರೆ. ಮುಂದೆ ಹೊಸ ಜನರೇಟರ್ ತೆಗೆದುಕೊಂಡರೆ ಮಾತ್ರ ಲೆಕ್ಕ ಬೇರೆ. 2023ರ ಜುಲೈನಲ್ಲಿ ಬಂದ ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) 4 ಪ್ಲಸ್ ಹೊಗೆ ನಿಯಮದ ನಂತರ ಹಲವು ಎಂಜಿನ್‌ಗಳಿಗೆ ಕಂಪ್ಯೂಟರ್ ಬಂದಿದೆ. ಅಂಥವಕ್ಕೆ ಆ ಎಂಜಿನ್ನಿನ ಜೊತೆ ಮಾತಾಡಬಲ್ಲ ಕಂಟ್ರೋಲರ್ ಬೇಕು.

ಈಗ ಸ್ಟಾರ್ಟರ್ ಬ್ಯಾಟರಿ. ತಾನಾಗಿ ಶುರುವಾಗಬೇಕಾದ ಜನರೇಟರ್ ಶುರುವಾಗದೇ ಇರಲು ನಾನು ಕಂಡ ಮಟ್ಟಿಗೆ ಮೊದಲ ಕಾರಣ ಇದೇ. ಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸುತ್ತದೆ, ಚೆನ್ನಾಗಿದೆ ಅಂತ ಬರುತ್ತೀರಿ. ಸೆಲ್ಫ್ ಎಳೆದಾಗ 7ಕ್ಕೆ ಬೀಳುತ್ತದೆ. ಸುಮ್ಮನೆ ಕುಳಿತ ಬ್ಯಾಟರಿಯ ವೋಲ್ಟೇಜ್ ಏನೂ ಹೇಳುವುದಿಲ್ಲ. ಸೆಲ್ಫ್ ಹೊಡೆಯುವ ಹೊತ್ತಿಗೆ ಎಷ್ಟಕ್ಕೆ ಇಳಿಯಿತು ಅನ್ನುವ ಅಂಕಿ ಬೇಕು. ನಿಮ್ಮ ಪಿಎಲ್‌ಸಿಗೆ ಆ ಅಂಕಿ ಹಿಡಿದಿಟ್ಟು ಪ್ರತಿ ಸಲ ಮೆಸೇಜಿನಲ್ಲಿ ಕಳಿಸಲು ಹೇಳಿ. ನಾನು ನೋಡಿಕೊಳ್ಳುವ ಕೋಣೆಗಳಿಂದ ಬರುವ ಮೆಸೇಜಿನಲ್ಲಿ ನಾನು ಮೊದಲು ನೋಡುವುದು ಅದನ್ನೇ. ಒಂದು ಕೋಣೆಯಲ್ಲಿ ಜನವರಿಯಲ್ಲಿ 10.4 ಇತ್ತು, ಮಾರ್ಚಿನಲ್ಲಿ 10.1, ಮೇನಲ್ಲಿ 9.6. ಎಂಜಿನ್ ಪ್ರತಿ ಸಲವೂ ಶುರುವಾಗುತ್ತಲೇ ಇತ್ತು. ಆದರೂ ಜೂನ್ ಬರುವ ಮೊದಲೇ ಬ್ಯಾಟರಿ ಬದಲಾಯಿಸಿದೆವು. ಬಿಚ್ಚಿದಾಗ ಟರ್ಮಿನಲ್ ಕೆಳಗೆ ಹಸಿರು-ಬಿಳಿ ಪುಡಿ ಒಂದು ಚಮಚದಷ್ಟು ಕೂಡಿತ್ತು. ವೈರಿನ ತುದಿಗೆ ಹಾಕಿದ ಲಗ್ಗಿನ ಒಳಗೆ ಅದರ ಎಳೆಗಳು ಬೆರಳಿನಲ್ಲಿ ಉಜ್ಜಿದರೆ ಉದುರುತ್ತಿದ್ದವು. ನಿಮ್ಮ ಕೊಂಕಣದ ತೇವಕ್ಕೆ ಇದು ಇನ್ನೂ ಬೇಗ ಆಗುತ್ತದೆ. ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚುವುದನ್ನು ಮರೆಯಬೇಡಿ.

ಆ ಬ್ಯಾಟರಿಯನ್ನು ಸದಾ ತುಂಬಿಸಿಡಲು ಒಂದು ಫ್ಲೋಟ್ ಚಾರ್ಜರ್ ಬೇಕು, 13.6 ವೋಲ್ಟ್ ಆಸುಪಾಸು. ಅದನ್ನು 48 ವೋಲ್ಟ್ ಬ್ಯಾಂಕಿನಿಂದ ಓಡುವ ಡಿಸಿ-ಡಿಸಿ ಕನ್ವರ್ಟರ್ ಆಗಿ ಇಟ್ಟರೆ ಕರೆಂಟ್ ಇಲ್ಲದಾಗಲೂ ಕೆಲಸ ಮಾಡುತ್ತದೆ. ಆದರೆ ಇಲ್ಲೊಂದು ದೊಡ್ಡ ಅಪಾಯ ಇದೆ, ಇದನ್ನು ಎರಡು ಸಲ ಓದಿ. ಟೆಲಿಕಾಂ 48 ವೋಲ್ಟಿನಲ್ಲಿ ಪಾಸಿಟಿವ್ ಅರ್ತ್ ಆಗಿರುತ್ತದೆ. ಎಂಜಿನ್ ಬ್ಯಾಟರಿಯಲ್ಲಿ ನೆಗೆಟಿವ್ ಬಾಡಿಗೆ ಕೂಡಿರುತ್ತದೆ, ಬಾಡಿ ಅರ್ತಿಗೆ. ಎರಡೂ ನೆಗೆಟಿವ್ ತಾನೇ ಅಂತ ಜೋಡಿಸಿದರೆ 48 ವೋಲ್ಟ್ ಬ್ಯಾಂಕ್ ಅರ್ತ್ ಮೂಲಕ ನೇರ ಶಾರ್ಟ್. 200 ಆಂಪಿಯರ್-ಅವರ್ ಬ್ಯಾಂಕ್ ಶಾರ್ಟ್ ಆದರೆ ಸ್ಪ್ಯಾನರ್ ಕರಗುತ್ತದೆ. ಆದ್ದರಿಂದ ಕನ್ವರ್ಟರ್ ಒಳಗೆ ಎರಡು ಬದಿಯೂ ಪೂರ್ತಿ ಬೇರೆಯಾಗಿರುವ ಐಸೊಲೇಟೆಡ್ ತರಹದ್ದೇ ಇರಬೇಕು. ವೋಲ್ಟೇಜ್ ಅಳೆಯುವ ರಿಲೇಗೂ ಇದೇ ಮಾತು.

ಚೇಂಜ್‌ಓವರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆದರೆ ಇದರಲ್ಲಿ ರಾಜಿಗೆ ಜಾಗ ಇಲ್ಲ. ಎರಡು ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿನ ರಿಲೇ), ನಡುವೆ ಎರಡೂ ಒಟ್ಟಿಗೆ ಮುಚ್ಚದ ಹಾಗೆ ತಡೆಯುವ ಮೆಕ್ಯಾನಿಕಲ್ ಇಂಟರ್‌ಲಾಕ್, ಅದರ ಮೇಲೆ ವೈರಿಂಗಿನ ಇಂಟರ್‌ಲಾಕ್. ಎರಡೂ ಬೇಕು. ನ್ಯೂಟ್ರಲ್ ಕೂಡ ಬದಲಾಗಬೇಕು. ಜನರೇಟರಿನ ಕರೆಂಟ್ ತಪ್ಪಿ ಲೈನಿಗೆ ಹೋದರೆ ಟ್ರಾನ್ಸ್‌ಫಾರ್ಮರ್ ಅದನ್ನು ಉಲ್ಟಾ ಮಾಡಿ 11 ಸಾವಿರ ವೋಲ್ಟ್ ಮಾಡುತ್ತದೆ. ಲೈನ್ ಸತ್ತಿದೆ ಅಂತ ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಆ ತುದಿಯಲ್ಲಿ ಇರುತ್ತಾನೆ. ಹುಡುಗ ಕೈಯಲ್ಲಿ ಎಳೆಯುತ್ತಿದ್ದಾಗ ಆ ಸ್ವಿಚ್ಚೇ ಇದನ್ನು ತಡೆಯುತ್ತಿತ್ತು. ಈಗ ಆ ಕೆಲಸ ನಿಮ್ಮ ಪ್ಯಾನೆಲ್ಲಿನದು. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಯಿಂದಲೇ ಮಾಡಿಸಿ, ವಿದ್ಯುತ್ ಇಲಾಖೆಗೆ ತಿಳಿಸಿ.

ಲೋಡ್ ಹಾಕುವ ಮೊದಲು ಎಂಜಿನ್ನಿಗೆ ಒಂದು ನಿಮಿಷ ಕೊಡಿ. ಮೊದಲು ಚಾರ್ಜರ್, ಇನ್ನೊಂದು ನಿಮಿಷ ಬಿಟ್ಟು ಎಸಿ. ನಿಮ್ಮ ಜನರೇಟರ್ 10 ಕೆವಿಎ, ಅಂದರೆ 8 ಕಿಲೊವ್ಯಾಟ್. ಲೋಡಿಗೆ 20 ಆಂಪಿಯರ್, ಬ್ಯಾಟರಿ ತುಂಬಲು ಇನ್ನೊಂದು 20, ಒಟ್ಟು 40 ಆಂಪಿಯರ್ ಅಂದರೂ ಎಂಜಿನ್ ಮೇಲೆ ಬೀಳುವುದು ಸುಮಾರು 2.4 ಕಿಲೊವ್ಯಾಟ್. ಶೇಕಡಾ 30 ಅಷ್ಟೇ. ಡೀಸೆಲ್ ಎಂಜಿನ್ನನ್ನು ಇಷ್ಟು ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಸುಡದ ಡೀಸೆಲ್ಲು, ಮಸಿ ಸೈಲೆನ್ಸರಿನಲ್ಲಿ ಕೂಡುತ್ತದೆ. ಅದರ ಬಾಯಿಂದ ಕಪ್ಪು ಎಣ್ಣೆ ಜಿನುಗಿದ್ದನ್ನು ನೀವು ನೋಡಿರಬಹುದು. ಎಸಿ ಸೇರಿಸಿದರೆ ಲೋಡ್ ಅರ್ಧಕ್ಕೆ ಹತ್ತಿರ ಹೋಗುತ್ತದೆ, ಎಂಜಿನ್ನಿಗೂ ಒಳ್ಳೆಯದು, ಕೋಣೆಗೂ ಒಳ್ಳೆಯದು. ಬ್ಯಾಟರಿ ಕಂಪನಿ ಒಪ್ಪಿದರೆ ಚಾರ್ಜಿಂಗ್ ಕರೆಂಟನ್ನೂ ಸ್ವಲ್ಪ ಏರಿಸಿ.

ನಿಲ್ಲಿಸುವುದು ಹೇಗೆ? ಬ್ಯಾಟರಿಗೆ ಹೋಗುವ ಕರೆಂಟ್ 10 ಆಂಪಿಯರಿಗೆ ಇಳಿದರೆ ಸಾಕು, ನಿಲ್ಲಿಸಿ. ಕೊನೆಯ ಪಾಲು ತುಂಬಲು ತುಂಬಾ ಹೊತ್ತು ಹಿಡಿಯುತ್ತದೆ, ಆ ಕೆಲಸ ಕರೆಂಟ್ ಬಂದ ಮೇಲೆ ಚಾರ್ಜರ್ ಮಾಡಲಿ. ಕರೆಂಟ್ ನಡುವೆ ಬಂದರೆ 10 ನಿಮಿಷ ಗಟ್ಟಿಯಾಗಿ ನಿಂತ ಮೇಲೆ ಲೋಡ್ ಆ ಕಡೆ ಹೋಗಲಿ. ಆಮೇಲೆ ಎಂಜಿನ್ 3 ನಿಮಿಷ ಲೋಡಿಲ್ಲದೆ ಓಡಿ ತಣ್ಣಗಾಗಿ ನಿಲ್ಲಲಿ. ಒಮ್ಮೆ ಶುರುವಾದರೆ ಕಡಿಮೆ ಅಂದರೂ ಅರ್ಧ ಗಂಟೆ ಓಡಬೇಕು.

ಟ್ಯಾಂಕ್ ಖಾಲಿಯಾಗುವವರೆಗೂ ಓಡಲು ಬಿಡಬೇಡಿ. ಡೀಸೆಲ್ ಮುಗಿದು ನಿಂತರೆ ಲೈನಲ್ಲಿ ಗಾಳಿ ಹಿಡಿಯುತ್ತದೆ. ಆಮೇಲೆ ಡೀಸೆಲ್ ತುಂಬಿಸಿದರೂ ಕಂಟ್ರೋಲರ್ ಎಷ್ಟು ಸಲ ಸೆಲ್ಫ್ ಹೊಡೆದರೂ ಆಗುವುದಿಲ್ಲ. ಸ್ಕ್ರೂ ಸಡಿಲಿಸಿ ಗಾಳಿ ತೆಗೆಯಲು ಕೈಯೇ ಬೇಕು. ಹಾಗಾಗಿ ಟ್ಯಾಂಕ್ ಶೇಕಡಾ 30ಕ್ಕೆ ಬಂದಾಗ ಮೆಸೇಜ್, 15ಕ್ಕೆ ಬಂದಾಗ ಎಂಜಿನ್ ನಿಲ್ಲಲಿ. ಎಂಜಿನ್ ಓಡದೆ ಇರುವಾಗ ಮಟ್ಟ ಇಳಿದರೆ ಯಾರೋ ತೆಗೆಯುತ್ತಿದ್ದಾರೆ ಅಥವಾ ಸೋರುತ್ತಿದೆ, ಅದಕ್ಕೂ ಮೆಸೇಜ್ ಇಡಿ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯ ಮೇಲೆ ಮಳೆಗಾಲದ ತೇವ ನೀರಾಗಿ ಇಳಿಯುತ್ತದೆ. ಜೂನ್ ಹೊತ್ತಿಗೆ ಟ್ಯಾಂಕ್ ತುಂಬಿಸಿಡಿ. ಫಿಲ್ಟರ್ ಕೆಳಗಿನ ಬಟ್ಟಲಿನಿಂದ ತಿಂಗಳಿಗೊಮ್ಮೆ ನೀರು ಬಿಡಿ.

ಸಂದೇಶ ಕಳಿಸುವ ಮೋಡೆಮ್ 48 ವೋಲ್ಟಿನಿಂದ ಓಡಲಿ, ಎಂಜಿನ್ ಬ್ಯಾಟರಿಯಿಂದ ಬೇಡ. ನಿಮ್ಮ ಸುತ್ತ ಕರೆಂಟ್ ಹೋದರೆ ಹತ್ತಿರದ ಮೊಬೈಲ್ ಟವರ್ ಕೂಡ ಕೆಲವು ಗಂಟೆಯಲ್ಲಿ ಸಾಯಬಹುದು. ನಿಮ್ಮದೇ ರಿಪೀಟರ್ ಇದೆಯಲ್ಲ, ಅಲಾರಂ ಅದರ ಮೂಲಕವೂ ಬರಲಿ. ಇನ್ನೊಂದು, ದೋಷ ಬಂದಾಗ ಮಾತ್ರ ಮೆಸೇಜ್ ಅಂತ ಇಡಬೇಡಿ. ದಿನಾ ಬೆಳಿಗ್ಗೆ 8 ಗಂಟೆಗೆ ಒಂದು ಮೆಸೇಜ್ ಬರಲಿ: ವೋಲ್ಟೇಜ್, ಡೀಸೆಲ್, ಓಡಿದ ಗಂಟೆ, ಕೊನೆಯ ಸೆಲ್ಫಿನ ವೋಲ್ಟೇಜ್. ಆ ಮೆಸೇಜ್ ಬರದಿದ್ದರೆ ಅದೇ ಅಲಾರಂ. ಓಡಿದ ಗಂಟೆ ಯಾಕೆ ಅಂದರೆ, ತಾನಾಗಿ ಓಡುವ ಎಂಜಿನ್ ಎಷ್ಟು ಓಡಿತು ಅಂತ ಯಾರಿಗೂ ನೆನಪಿರುವುದಿಲ್ಲ, ಆಯಿಲ್ ಬದಲಾಯಿಸುವ ದಿನ ದಾಟಿಹೋಗುತ್ತದೆ.

ಪ್ಯಾನೆಲ್ಲಿನ ವೈರ್ ಹೋಗುವ ತೂತುಗಳನ್ನೆಲ್ಲ ಗ್ಲ್ಯಾಂಡ್ (ವೈರಿನ ಸುತ್ತ ಬಿಗಿಯಾಗಿ ಕೂರುವ ಬಿರಡೆ) ಹಾಕಿ ಮುಚ್ಚಿ. ಇರುವೆ, ಹಲ್ಲಿ ಬೆಚ್ಚಗಿನ ರಿಲೇ ಹುಡುಕಿಕೊಂಡು ಬರುತ್ತವೆ. ಕಾಂಟ್ಯಾಕ್ಟರಿನ ನಡುವೆ ಸತ್ತು ಒಣಗಿದ ಒಂದು ಹಲ್ಲಿ ಸಾಕು, ಅದು ಮುಚ್ಚುವುದಿಲ್ಲ. ಕೆಂಪು ಜಂಬಿಟ್ಟಿಗೆ ಕಲ್ಲಿನ ಗುಡ್ಡದಲ್ಲಿ ಅರ್ತ್ ಚೆನ್ನಾಗಿ ಸಿಗುವುದು ಕಷ್ಟ. ಬೇಸಿಗೆಯ ಕೊನೆಯಲ್ಲಿ, ನೆಲ ಪೂರ್ತಿ ಒಣಗಿದಾಗ ಅಳೆಯಿರಿ. ಗುಡುಗು-ಸಿಡಿಲು ಬರುವುದೂ ಆಗಲೇ. ಸರ್ಜ್ ಪ್ರೊಟೆಕ್ಟರ್ ಇಲ್ಲದೆ ಕಂಟ್ರೋಲರ್ ಹಾಕಬೇಡಿ.

ಇನ್ನು ಆ ಹುಡುಗನ ಸುರಕ್ಷತೆ. ಇದುವರೆಗೆ ಅವನು ಕೀ ತಿರುಗಿಸಿದರೆ ಮಾತ್ರ ಎಂಜಿನ್ ಓಡುತ್ತಿತ್ತು. ಇನ್ನು ಮುಂದೆ ಅವನು ಫ್ಯಾನ್ ಬೆಲ್ಟ್ ಬಿಗಿ ಮಾಡುತ್ತಿರುವಾಗಲೂ ಅದು ತಾನಾಗಿ ಎದ್ದೇಳಬಹುದು. ಬೆಲ್ಟಿಗೆ ಜಾಲರಿ ಹಾಕಿಸಿ. ಇದು ಯಾವಾಗ ಬೇಕಾದರೂ ತಾನಾಗಿ ಶುರುವಾಗುತ್ತದೆ ಅಂತ ಕನ್ನಡ, ಕೊಂಕಣಿ, ಮರಾಠಿ, ಹಿಂದಿ ನಾಲ್ಕರಲ್ಲೂ ದೊಡ್ಡ ಬೋರ್ಡ್ ಹಾಕಿ. ಸ್ಪ್ಯಾನರ್ ಮುಟ್ಟುವ ಮೊದಲು ಕಂಟ್ರೋಲರಿನ ಸ್ವಿಚ್ ಆಫ್‌ಗೆ, ಆಮೇಲೆ ಸ್ಟಾರ್ಟರ್ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಈ ಕ್ರಮವನ್ನು ನೀವೇ ಅವನ ಎದುರು ಮಾಡಿ ತೋರಿಸಿ. ವಾಪಸ್ ಬರುವಾಗ ಸ್ವಿಚ್ ಆಟೊಗೆ ಹಾಕಲು ಮರೆಯುವುದು ಅಷ್ಟೇ ಸಾಮಾನ್ಯ. ಆಟೊದಲ್ಲಿ ಇಲ್ಲ ಅನ್ನುವುದೂ ಒಂದು ಅಲಾರಂ ಆಗಿ ಬರಲಿ.

ಎರಡು ವಾರಕ್ಕೊಮ್ಮೆ, ಹಗಲು 11 ಗಂಟೆಗೆ, ತಾನಾಗಿ ಅರ್ಧ ಗಂಟೆ ಓಡುವ ಹಾಗೆ ಇಡಿ, ಲೋಡ್ ಹಾಕಿಯೇ. ಲೋಡಿಲ್ಲದೆ 5 ನಿಮಿಷ ಓಡಿಸುವ ಪರೀಕ್ಷೆಯಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ.

ಎಲ್ಲ ಜೋಡಿಸಿ ಮುಗಿದ ಮೇಲೆ, ಮೇ ತಿಂಗಳಲ್ಲಿ ಒಂದು ಪೂರ್ತಿ ದಿನ ಇದಕ್ಕೆಂದೇ ಇಡಿ. ಇಬ್ಬರೂ ಮೇಲೆ ಹೋಗಿ, ಬುತ್ತಿ ಕಟ್ಟಿಕೊಂಡು. ಮೇನ್ ಸ್ವಿಚ್ ಇಳಿಸಿ ಸುಮ್ಮನೆ ಕುಳಿತುಕೊಳ್ಳಿ. ಅದು ಶುರುವಾಗಿ, ಲೋಡ್ ಹಿಡಿದು, ನಿಲ್ಲುವವರೆಗೂ ಏನನ್ನೂ ಮುಟ್ಟಬೇಡಿ. ಆಮೇಲೆ ಒಂದೊಂದೇ ಕೆಡಿಸಿ ನೋಡಿ. ಡೀಸೆಲ್ ಸೊಲೆನಾಯ್ಡಿನ ವೈರ್ ತೆಗೆದರೆ ಮೂರೇ ಸಲ ಹೊಡೆದು ನಿಲ್ಲುತ್ತದೆಯಾ? ಓಡುತ್ತಿರುವಾಗ ಆಯಿಲ್ ಸ್ವಿಚ್ಚಿನ ತುದಿಯನ್ನು ಪ್ರೆಶರ್ ಇಲ್ಲ ಅನ್ನುವ ಹಾಗೆ ಮಾಡಿದರೆ ಕೂಡಲೇ ನಿಲ್ಲುತ್ತದೆಯಾ, ಮೆಸೇಜ್ ಬರುತ್ತದೆಯಾ? ಕೊನೆಗೆ ಎಂಜಿನ್ನಿನ ಸ್ಟಾರ್ಟರ್ ಬ್ಯಾಟರಿ ತೆಗೆದು, ಎಲ್ಲಿಂದಾದರೂ ಒಂದು ಹಳೆಯ, ದುರ್ಬಲ ಬ್ಯಾಟರಿ ತಂದು ಜೋಡಿಸಿ ಸೆಲ್ಫ್ ಹೊಡೆಸಿ. ನಾನು ಭೋಸರಿಯಲ್ಲಿ ಮಾಡದೆ ಬಿಟ್ಟ ಪರೀಕ್ಷೆ ಅದು.

ನಿಮ್ಮ ಎಂಜಿನ್ನಿನ ಡೀಸೆಲ್ ಪಂಪು ಮತ್ತು ನಿಲ್ಲಿಸುವ ಲಿವರ್ ಕಾಣುವ ಹಾಗೆ ಎರಡು ಫೋಟೊ ಕಳಿಸಿ. ಲಿವರ್ ಎಷ್ಟು ದೂರ ಚಲಿಸುತ್ತದೆ ಅಂತ ಸ್ಕೇಲ್ ಹಿಡಿದು ಅಳೆದು ಬರೆಯಿರಿ. ಯಾವ ಸೊಲೆನಾಯ್ಡ್ ಅಂತ ಹೇಳುತ್ತೇನೆ.